ತಾಮ್ರದ ರಂಗವಲ್ಲಿಯೂ ಅವಲಕ್ಕಿ ಡಬ್ಬವೂ

ವಾಣಿಜ್ಯಶಾಸ್ತ್ರದ ಪದವೀಧರನಾಗಿ, ಇಪ್ಪತ್ತು ವರ್ಷಗಳನ್ನು ಬ್ಯಾಂಕಿನ ಖಾತೆಗಳ ನಡುವೆ ಕಳೆದ ನನಗೆ ವಿದ್ಯುನ್ಮಾನ ಶಾಸ್ತ್ರದ ವಿಷಯವಾಗಿ ಬರೆಯುವ ಅಧಿಕಾರವಿಲ್ಲ. ಆದರೂ ಕಳೆದ ಮಳೆಗಾಲದಲ್ಲಿ ಟಿಟ್ವಾಳಾದ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಘಟನೆ, ಮನೆಯಲ್ಲಿ ಹುಡುಗರಿರುವ ಓದುಗರಿಗೆ ಉಪಯುಕ್ತವಾದೀತೆಂದು ಈ ಸಾಹಸಕ್ಕೆ ಕೈ ಹಾಕಿದ್ದೇನೆ.

ಡಿಪ್ಲೊಮಾ ಓದುತ್ತಿರುವ ನನ್ನ ಸೋದರಳಿಯ ನಮ್ಮಲ್ಲಿಯೇ ಇದ್ದಾನೆ. ಮೇಲಿನ ತೊಟ್ಟಿ ತುಂಬಿ ನೀರು ಹರಿದುಹೋಗುವುದನ್ನು ನೋಡಲಾರದೆ, ತೊಟ್ಟಿ ತುಂಬಿದೊಡನೆ ಕೂಗುವ ಯಂತ್ರವೊಂದನ್ನು ತಾನೇ ಮಾಡುವೆನೆಂದು ಹೊರಟ. ಒಂದು ಭಾನುವಾರ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಿಂದ ಬಿಡಿಭಾಗಗಳನ್ನು ತಂದ.

ಅವನು ಫಲಕವನ್ನು ಸಿದ್ಧಪಡಿಸಿದ ರೀತಿಯನ್ನು ನಾನು ಬೆರಗಿನಿಂದ ನೋಡಿದೆ. ಗಾಜಿನ ನಾರು ಮತ್ತು ಎಪಾಕ್ಸಿ ರಾಳದಿಂದಾದ ಹಲಗೆಯ ಮೇಲೆ 35 ಮೈಕ್ರಾನ್ ದಪ್ಪದ ತಾಮ್ರದ ಹಾಳೆ. ಅಂತಹ ಇಪ್ಪತ್ತೆಂಟು ಹಾಳೆಗಳನ್ನು ಒಟ್ಟಿದರೆ ಸುಮಾರು ಒಂದು ಮಿಲಿಮೀಟರ್. ಅದರ ಮೇಲೆ ಅಳಿಸಲಾಗದ ಮಸಿಯಿಂದ ಗೆರೆಗಳನ್ನೆಳೆದು, ಪ್ಲಾಸ್ಟಿಕ್ ತಟ್ಟೆಯಲ್ಲಿ ಫೆರಿಕ್ ಕ್ಲೋರೈಡಿನ ಕಂದು ದ್ರಾವಣದಲ್ಲಿ ಮುಳುಗಿಸಿ, ಮಗುವನ್ನು ತೂಗುವಂತೆ ಅರ್ಧ ಗಂಟೆ ತೂಗಿದ. ಮಸಿಯ ಮರೆಯಿಲ್ಲದ ತಾಮ್ರವೆಲ್ಲ ಕರಗಿತು. ಮಸಿಯನ್ನು ಒರೆಸಿದಾಗ ಹೊಳೆದದ್ದು ನಮ್ಮ ತಾಯಂದಿರ ಚುಕ್ಕಿ ರಂಗೋಲಿಯೇ! ಬಿಡಿಭಾಗಗಳ ಕಾಲುಗಳು ಇಂಚಿನ ಹತ್ತನೆಯ ಒಂದು ಭಾಗದ, ಎಂದರೆ 2.54 ಮಿಲಿಮೀಟರಿನ ಅಂತರಕ್ಕೆ ಹೊಂದಿಕೊಂಡಿರುವುದರಿಂದ ಚುಕ್ಕಿಗಳ ಸಾಲು ತಪ್ಪುವಂತಿಲ್ಲ. ಒಂದು ಗೆರೆ ಇನ್ನೊಂದನ್ನು ದಾಟುವಂತೆಯೂ ಇಲ್ಲ. ಅನಿವಾರ್ಯವಾದರೆ ಮೇಲ್ಬದಿಯಿಂದ ತುಂಡು ತಂತಿಯ ಸೇತುವೆ. ಖರ್ಚು ಜಮೆಗಳು ತಾಳೆಯಾದ ಖಾತೆಯನ್ನು ಕಂಡಾಗಿನ ಸಂತೋಷ ನನಗಾಯಿತು. 1936ರಲ್ಲಿ ವಿಯೆನ್ನಾದಿಂದ ಇಂಗ್ಲೆಂಡಿಗೆ ಬಂದ ಪಾಲ್ ಐಸ್ಲರ್ ಎಂಬ ಎಂಜಿನಿಯರು ಇಂತಹ ಮುದ್ರಿತ ಫಲಕದಿಂದ ರೇಡಿಯೊ ಕಟ್ಟಿ ತೋರಿಸಿದನಂತೆ. ಅದಕ್ಕೆ ಮೊದಲು ಒಳಗೆಲ್ಲ ತಂತಿಗಳ ಹಕ್ಕಿಗೂಡೇ.

ಉಳಿದ ದ್ರಾವಣವನ್ನು ಅಡುಗೆಮನೆಯ ಸಿಂಕಿಗೆ ಸುರಿಯಹೊರಟಾಗ ಮಾತ್ರ ನನ್ನ ಪತ್ನಿ ತಡೆದಳು. ತಡೆದದ್ದು ಕಲೆಯ ಭಯದಿಂದ. ಆದರೆ ಆ ದ್ರಾವಣ ಸ್ಟೀಲನ್ನೂ ತಿನ್ನುತ್ತದೆ, ಅದರಲ್ಲಿ ಕರಗಿದ ತಾಮ್ರ ನೀರಿನಲ್ಲಿರುವ ಮೀನುಗಳಿಗೆ ವಿಷ. ನಮ್ಮೂರಿನ ಕಾಳು ನದಿ ದೂರವೇನೂ ಇಲ್ಲ.

ಬೆಸುಗೆಯ ವಿಷಯದಲ್ಲಿಯೂ ಒಂದು ತಪ್ಪು ಕಲ್ಪನೆ ಉಂಟು. ಸಾಧಾರಣ ಬೆಸುಗೆ ತಂತಿಯಲ್ಲಿ ನೂರಕ್ಕೆ 60 ಪಾಲು ತವರ, 40 ಪಾಲು ಸೀಸ. ಮೇಲೇಳುವ ಹೊಗೆಯೆಲ್ಲ ಸೀಸವೆಂದು ಹೆದರುವವರಿದ್ದಾರೆ. ಸೀಸ ಕುದಿಯಲು 1,700 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚಿನ ಶಾಖ ಬೇಕು. ಬೆಸುಗೆ ಕಡ್ಡಿಯ ತುದಿ ಸುಮಾರು 350 ಡಿಗ್ರಿ. ಆ ಹೊಗೆ ಬಹುತೇಕ ತಂತಿಯೊಳಗಿನ ರಾಳದ್ದು. ಅದೂ ನಿರುಪದ್ರವಿಯಲ್ಲ, ಆಸ್ತಮಾ ತರಬಲ್ಲುದು. ಆದುದರಿಂದ ಕಿಟಕಿ ತೆರೆದಿರಬೇಕು. ಸೀಸವು ದೇಹವನ್ನು ಸೇರುವುದು ಕೈಯಿಂದ ಬಾಯಿಗೆ. ಬೆಸೆದ ಕೈಯಿಂದಲೇ ಚಕ್ಕುಲಿ ತಿನ್ನುವ ಹುಡುಗರನ್ನು ಸಾಬೂನಿನಿಂದ ಕೈ ತೊಳೆಯಲು ಅಟ್ಟಿರಿ. ಮಕ್ಕಳ ಮೆದುಳಿಗೆ ಇಷ್ಟು ಸೀಸ ಅಪಾಯವಲ್ಲವೆಂಬ ಮಿತಿಯೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಇನ್ನು ಪೆಟ್ಟಿಗೆಯ ಕಥೆ. ಫಲಕಕ್ಕೆ ಎರಡು ವಾರ ವ್ಯಯಿಸಿದ ಹುಡುಗ ಪೆಟ್ಟಿಗೆಗೆ ಎರಡು ಗಂಟೆಯನ್ನೂ ಕೊಡಲಿಲ್ಲ. ಅತ್ತೆಯ ಅವಲಕ್ಕಿ ಡಬ್ಬವನ್ನು ಖಾಲಿ ಮಾಡಿಸಿ, ಮೊಳೆಯಿಂದ ತೂತು ಹೊಡೆದು, ತಂತಿ ತೂರಿಸಿ, ಹಿತ್ತಿಲಿನ ಗೋಡೆಗೆ ತೂಗುಹಾಕಿದ. "ಒಳಗಿನದು ಚೆನ್ನಾಗಿದ್ದರೆ ಸಾಕು, ಮಾವ, ಡಬ್ಬದ ಅಂದ ಯಾರಿಗೆ ಬೇಕು?" ಎಂದ. ನಾನೂ ತಲೆದೂಗಿದೆ.

ಜುಲೈ ತಿಂಗಳ ಒಂದು ಮುಂಜಾನೆ, ಜಿಟಿಜಿಟಿ ಮಳೆಯಲ್ಲಿ ಆ ಡಬ್ಬವನ್ನು ಮುಟ್ಟಿದವನಿಗೆ ಮೊಣಕೈವರೆಗೆ ಝುಮ್ಮೆಂದಿತು. ಕಾಲಿನಲ್ಲಿ ರಬ್ಬರಿನ ಚಪ್ಪಲಿಯಿತ್ತು. ಅಷ್ಟರಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಡಬ್ಬ ಬಿಚ್ಚಿದಾಗ, ತೂತಿನ ಚೂಪಾದ ಅಂಚು ತಂತಿಯ ಹೊದಿಕೆಯನ್ನು ಕೊಯ್ದಿದ್ದುದು ಕಂಡಿತು. ಲೆಕ್ಕ ಸರಳ. ಒದ್ದೆಯಾದ ದೇಹದ ತಡೆಯನ್ನು ಸುಮಾರು 1,000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ. ಮನೆಗಳ ಸೋರಿಕೆರಕ್ಷಕ ಸ್ವಿಚ್ಚು 30 ಮಿಲಿಆಂಪಿಯರಿಗೇ ವಿದ್ಯುತ್ತನ್ನು ಕಡಿಯುವಂತೆ ಮಾಡಿರುತ್ತಾರೆ. ನಮ್ಮಲ್ಲಿ ಆಗ ಅದಿರಲಿಲ್ಲ, ಈಗ ಇದೆ.

ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಬೈಯಲಿಲ್ಲ, ತಲೆದೂಗಿದವನಿಗೆ ಬೈಯುವ ಹಕ್ಕೆಲ್ಲಿ? ಮೂರನೆಯ ದಿನ ಇಬ್ಬರೂ ಕುಳಿತು ಹೊಸ ಪೆಟ್ಟಿಗೆ ಮಾಡಿದೆವು. ಗಟ್ಟಿ ಪ್ಲಾಸ್ಟಿಕ್ಕಿನ ಚೌಕ ಪೆಟ್ಟಿಗೆ, ತಂತಿ ಬರುವಲ್ಲಿ ರಬ್ಬರಿನ ಬಳೆ, ಎಳೆದರೂ ಬೆಸುಗೆಗೆ ನೋವಾಗದಂತೆ ಒಳಗೊಂದು ಬಿಗಿಪಟ್ಟಿ, ಫ್ಯೂಸು. 230 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಒಂದು ಕೋಣೆಯಲ್ಲಿ, ಫಲಕ ಇನ್ನೊಂದರಲ್ಲಿ, ನಡುವೆ ಅಡ್ಡಗೋಡೆ. ತೊಟ್ಟಿಯತ್ತ ಹೋಗುವುದು 12 ವೋಲ್ಟು ಮಾತ್ರ. ಬಿಸಿ ಹೋಗಲು ಸೀಳುಗಳನ್ನು ಕೆಳಮುಖವಾಗಿ ಕೊರೆದೆವು, ಮಳೆ ನುಗ್ಗಬಾರದಲ್ಲ. ಲೋಹದ ಪೆಟ್ಟಿಗೆಯೇ ಬೇಕೆಂದಿದ್ದರೆ ಅದಕ್ಕೆ ಅರ್ತ್ ತಂತಿಯನ್ನು ತಿರುಪಿನಿಂದ ಬಿಗಿಯಲೇಬೇಕಿತ್ತು. ಅಂಚುಗಳನ್ನು ಉಜ್ಜುಕಾಗದದಿಂದ ತಿಕ್ಕಿ ನಯಗೊಳಿಸಿದವನು ನಾನೇ. ಮುಚ್ಚಳ ಒಂದು ಕೂದಲೆಳೆಯ ಸಂದೂ ಬಿಡದೆ ಕುಳಿತಾಗ ಫಲಕವನ್ನು ಕಂಡಾಗಿನ ಸಂತೋಷವೇ ಮತ್ತೊಮ್ಮೆ ಆಯಿತು.

ಆ ಪೆಟ್ಟಿಗೆ ಈಗ ಗೋಡೆಯ ಮೇಲಿದೆ. ತೊಟ್ಟಿ ತುಂಬಿದೊಡನೆ ಕೂಗಿ ನನ್ನನ್ನು ಎಬ್ಬಿಸುತ್ತದೆ. ಅವಲಕ್ಕಿ ಡಬ್ಬದಲ್ಲಿ ಹುಡುಗ ಬೆಸುಗೆಯ ತಂತಿಯನ್ನು ಇಟ್ಟುಕೊಂಡಿದ್ದಾನೆ. ಮುಚ್ಚಳದ ಮೇಲೆ ಕೆಂಪು ಮಸಿಯಲ್ಲಿ 'ಸೀಸ' ಎಂದು ಬರೆದ ಅತ್ತೆ ಅದಕ್ಕೆ ಅಡುಗೆಮನೆಯ ಪ್ರವೇಶವನ್ನು ಶಾಶ್ವತವಾಗಿ ನಿಷೇಧಿಸಿದ್ದಾಳೆ.