ಚಾಲಕನೇ ಪರೀಕ್ಷಕ: ಅರೆ-ಸ್ವಯಂಚಾಲಿತ ಕಾರು ಮತ್ತು ಹೊಣೆಗಾರಿಕೆಯ ಲೆಕ್ಕ

ಯಾವುದೇ ಸರಕನ್ನು ಮಾರುಕಟ್ಟೆಗೆ ಬಿಡುವ ಮುನ್ನ ಪರೀಕ್ಷಿಸುವುದು ತಯಾರಕನ ಕರ್ತವ್ಯ. ಆ ಪರೀಕ್ಷೆಯ ವೆಚ್ಚವನ್ನು ಭರಿಸುವವನೂ ತಯಾರಕನೇ ಎಂಬುದು ವ್ಯಾಪಾರದ ಹಳೆಯ ನಿಯಮ. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಟೆಸ್ಲಾ ಕಂಪನಿ ಈ ನಿಯಮವನ್ನು ತಿರುವುಮುರುವು ಮಾಡಿತು. 'ಫುಲ್ ಸೆಲ್ಫ್ ಡ್ರೈವಿಂಗ್ ಬೀಟಾ' ಎಂಬ, ಇನ್ನೂ ಪೂರ್ಣಗೊಳ್ಳದ ಚಾಲನಾ ತಂತ್ರಾಂಶವನ್ನು ಆಯ್ದ ಕೆಲವು ಗ್ರಾಹಕರ ಕಾರುಗಳಿಗೆ ಕಳುಹಿಸಿ, ನಿತ್ಯದ ಸಾರ್ವಜನಿಕ ರಸ್ತೆಗಳಲ್ಲಿಯೇ ಅದರ ಪರೀಕ್ಷೆ ನಡೆಸಲು ಅವಕಾಶ ನೀಡಿತು. ಪರೀಕ್ಷಕರಿಗೆ ಸಂಬಳವಿರಲಿಲ್ಲ. ಬದಲಾಗಿ, ಆ ಸೌಲಭ್ಯಕ್ಕೆಂದು ಸಾವಿರಾರು ಡಾಲರ್ ತೆತ್ತವರೇ ಪರೀಕ್ಷಕರಾದರು.

ಅದೇ ತಿಂಗಳು ವೇಮೋ ಕಂಪನಿ ಅರಿಜೋನಾ ರಾಜ್ಯದ ಫೀನಿಕ್ಸ್ ಪ್ರದೇಶದಲ್ಲಿ ಚಾಲಕನೇ ಇಲ್ಲದ ಟ್ಯಾಕ್ಸಿ ಸೇವೆಯನ್ನು ಸಾರ್ವಜನಿಕರಿಗೆ ತೆರೆಯಿತು. ಗೂಗಲ್ ಸಂಸ್ಥೆಯೊಳಗೆ 2009ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಪರೀಕ್ಷಾ ಚಾಲಕರು ವೇತನ ಪಡೆಯುವ, ತರಬೇತಿ ಹೊಂದಿದ ಸಿಬ್ಬಂದಿಯಾಗಿದ್ದರು. ಒಂದೇ ಗುರಿಗೆ ಎರಡು ಮಾರ್ಗಗಳು. ಮೊದಲನೆಯ ಮಾರ್ಗದಲ್ಲಿ ಸಾಗಿದ ಸಾಮಾನ್ಯ ಚಾಲಕರ ಅನುಭವವು ವಾಣಿಜ್ಯ ವಲಯಕ್ಕೂ ಪಾಠವಾಗಬಲ್ಲದು.

ಮಟ್ಟಗಳ ವ್ಯತ್ಯಾಸ

ವಾಹನ ಇಂಜಿನಿಯರುಗಳ ಅಂತಾರಾಷ್ಟ್ರೀಯ ಸಂಘಟನೆಯಾದ ಎಸ್.ಎ.ಇ. 2014ರಲ್ಲಿ ಸ್ವಯಂಚಾಲನೆಯನ್ನು 0ಯಿಂದ 5ರವರೆಗೆ ಆರು ಮಟ್ಟಗಳಾಗಿ ವಿಂಗಡಿಸಿತು. 2ನೇ ಮಟ್ಟದಲ್ಲಿ ಕಾರು ತಾನೇ ಸ್ಟಿಯರಿಂಗ್ ತಿರುಗಿಸುತ್ತದೆ, ವೇಗವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆದರೆ ರಸ್ತೆಯ ಮೇಲೆ ನಿಗಾ ಇಡುವ ಹೊಣೆ ಪ್ರತಿ ಕ್ಷಣವೂ ಚಾಲಕನದೇ. 3ನೇ ಮಟ್ಟದಲ್ಲಿ, ನಿಗದಿತ ಪರಿಸ್ಥಿತಿಗಳಲ್ಲಿ, ಆ ಹೊಣೆ ವ್ಯವಸ್ಥೆಗೆ ವರ್ಗಾವಣೆಯಾಗುತ್ತದೆ. ಟೆಸ್ಲಾ ಗ್ರಾಹಕರ ಕೈಗಿತ್ತ ತಂತ್ರಾಂಶ 2ನೇ ಮಟ್ಟದ್ದು. ಅದರ ಹೆಸರು ಮಾತ್ರ 'ಪೂರ್ಣ ಸ್ವಯಂಚಾಲನೆ' ಎಂಬ ಅರ್ಥವನ್ನು ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಕಂಪನಿಯು ಆ ಹೆಸರಿಗೆ 'ಮೇಲ್ವಿಚಾರಣೆಗೊಳಪಟ್ಟ' ಎಂಬ ಅರ್ಥದ 'ಸೂಪರ್‌ವೈಸ್ಡ್' ಪದವನ್ನು ಸೇರಿಸಿತು.

ಚಾಲಕರು ಕಂಡದ್ದು

ಪರೀಕ್ಷಕರು ಚಿತ್ರೀಕರಿಸಿದ ದೃಶ್ಯಗಳಲ್ಲಿ ಬೆರಗು, ಆತಂಕಗಳೆರಡೂ ಇದ್ದವು. ಜನನಿಬಿಡ ಬೀದಿಗಳಲ್ಲಿ ಮೈಲಿಗಟ್ಟಲೆ ತಾನೇ ಸಾಗಿದ ಕಾರು, ಎದುರು ವಾಹನಗಳ ನಡುವೆ ಎಡಕ್ಕೆ ತಿರುಗಬೇಕಾದ ಕಡೆ ಅನುಮಾನಿಸಿ ನಿಂತುಬಿಡುತ್ತಿತ್ತು. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುವುದರಿಂದ ಎಡ ತಿರುವೇ ಅಲ್ಲಿ ಕಠಿಣ. 2021ರಲ್ಲಿ ಸಿಯಾಟಲ್ ನಗರದ ದೃಶ್ಯವೊಂದರಲ್ಲಿ ಮೋನೋರೈಲಿನ ಬೃಹತ್ ಕಾಂಕ್ರೀಟ್ ಕಂಬಗಳನ್ನು ತಂತ್ರಾಂಶ ಗುರುತಿಸಲಿಲ್ಲ. ಅದೇ ವರ್ಷ, ದಿಗಂತದ ಹಳದಿ ಚಂದ್ರನನ್ನು ಟೆಸ್ಲಾ ಕಾರೊಂದು ಹಳದಿ ಸಿಗ್ನಲ್ ದೀಪವೆಂದು ಭಾವಿಸಿದ ದೃಶ್ಯವೂ ಪ್ರಚಾರ ಪಡೆಯಿತು.

ಖಾಲಿ ರಸ್ತೆಯಲ್ಲಿ ಕಾರಣವಿಲ್ಲದೆ ಬ್ರೇಕ್ ಬೀಳುವ 'ಫ್ಯಾಂಟಮ್ ಬ್ರೇಕಿಂಗ್' ಹೆಚ್ಚು ಗಂಭೀರವಾದುದು. ಹಿಂದಿನಿಂದ ವೇಗವಾಗಿ ಬರುತ್ತಿರುವ ವಾಹನಕ್ಕೆ ಇದು ನೇರ ಅಪಾಯ. ಟೆಸ್ಲಾದ ಚಾಲಕ ಸಹಾಯಕ ವ್ಯವಸ್ಥೆಯ ಬಗ್ಗೆ ಒಂಬತ್ತು ತಿಂಗಳಲ್ಲಿ ಇಂತಹ 354 ದೂರುಗಳು ಬಂದ ಕಾರಣ, ಅಮೆರಿಕದ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2022ರ ಫೆಬ್ರವರಿಯಲ್ಲಿ ಸುಮಾರು 4.16 ಲಕ್ಷ ಕಾರುಗಳ ಕುರಿತು ತನಿಖೆ ಆರಂಭಿಸಿತು.

ಪರೀಕ್ಷಕರ ಆಯ್ಕೆಯಲ್ಲಿಯೂ ವಿಶೇಷವಿತ್ತು. 2021ರ ಸೆಪ್ಟೆಂಬರ್‌ನಿಂದ ಕಂಪನಿಯು ಚಾಲಕರಿಗೆ 100 ಅಂಕಗಳ 'ಸುರಕ್ಷತಾ ಅಂಕ' ನೀಡತೊಡಗಿತು. ಹಠಾತ್ ಬ್ರೇಕ್, ರಭಸದ ತಿರುವು, ಮುಂದಿನ ವಾಹನಕ್ಕೆ ತೀರ ಸಮೀಪದ ಚಾಲನೆ ಮುಂತಾದವುಗಳಿಗೆ ಅಂಕ ಕಡಿತವಾಗುತ್ತಿತ್ತು. ಅಂಕ ಉಳಿಸಿಕೊಳ್ಳುವ ಹಂಬಲದಲ್ಲಿ, ಬ್ರೇಕ್ ಒತ್ತಬೇಕಾದಲ್ಲಿಯೂ ಒತ್ತಲು ಹಿಂಜರಿಯುವಂತಾಯಿತೆಂದು ಕೆಲವು ಚಾಲಕರು ಹೇಳಿಕೊಂಡರು. ಅಳತೆಗೋಲೇ ಗುರಿಯಾದಾಗ ಅಳತೆ ಹದಗೆಡುತ್ತದೆ ಎಂಬುದು ಲೆಕ್ಕಪರಿಶೋಧನೆಯಲ್ಲಿ ತೊಡಗಿದವರಿಗೆ ಹೊಸ ವಿಚಾರವಲ್ಲ.

ಕಾವಲಿನ ಆಯಾಸ

ಸ್ವತಃ ಕಾರು ಓಡಿಸುವುದಕ್ಕಿಂತ, ಓಡುತ್ತಿರುವ ಕಾರನ್ನು ಕಾಯುವುದೇ ಹೆಚ್ಚು ದಣಿವಿನ ಕೆಲಸವೆಂಬುದು ಅನೇಕ ಪರೀಕ್ಷಕರ ಅನುಭವ. ತಪ್ಪು ಯಾವಾಗ ಆಗುತ್ತದೆಂದು ತಿಳಿಯದು. ಆದಾಗ ಸರಿಪಡಿಸಲು ಸಿಗುವ ಅವಧಿ ಒಂದೆರಡು ಸೆಕೆಂಡು. ಯಂತ್ರವು ಸಲೀಸಾದ ಕೆಲಸವನ್ನು ತಾನು ವಹಿಸಿಕೊಂಡು, ಅತಿ ಕಠಿಣವಾದುದನ್ನು ಮಾತ್ರ ಮನುಷ್ಯನಿಗೆ ಬಿಡುತ್ತದೆ ಎಂಬ ಸಮಸ್ಯೆಯನ್ನು ಮನೋವಿಜ್ಞಾನಿ ಲಿಸಾನ್ ಬೈನ್‌ಬ್ರಿಜ್ 1983ರಷ್ಟು ಹಿಂದೆಯೇ ವಿವರಿಸಿದ್ದರು. ತಂತ್ರಾಂಶ ಸುಧಾರಿಸಿದಷ್ಟೂ ಈ ಅಪಾಯ ಬೇರೊಂದು ರೂಪ ತಾಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ತಪ್ಪುವ ಯಂತ್ರದ ಮುಂದೆ ಚಾಲಕ ಎಚ್ಚರವಾಗಿರುತ್ತಾನೆ. ತಿಂಗಳಿಗೊಮ್ಮೆ ತಪ್ಪುವ ಯಂತ್ರದ ಮುಂದೆ ಮೈಮರೆಯುತ್ತಾನೆ. ಇದನ್ನು ತಡೆಯಲೆಂದು ಜನರಲ್ ಮೋಟಾರ್ಸ್ 2017ರಲ್ಲಿ ತಂದ 'ಸೂಪರ್ ಕ್ರೂಸ್' ವ್ಯವಸ್ಥೆಯಲ್ಲಿ ಚಾಲಕನ ದೃಷ್ಟಿಯನ್ನು ಗಮನಿಸುವ ಕ್ಯಾಮೆರಾ ಆರಂಭದಿಂದಲೇ ಇತ್ತು. ಟೆಸ್ಲಾ ಕಾರಿನೊಳಗಿನ ಕ್ಯಾಮೆರಾವನ್ನು ಈ ಉದ್ದೇಶಕ್ಕೆ ಬಳಸತೊಡಗಿದ್ದು 2021ರಲ್ಲಿ.

ಹಿಂಪಡೆತಗಳ ಸರಣಿ

2021ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಆವೃತ್ತಿಯೊಂದು ಸುಳ್ಳು ಡಿಕ್ಕಿ ಎಚ್ಚರಿಕೆಗಳನ್ನು ನೀಡಿದ ಕಾರಣ ಒಂದೆರಡು ದಿನಗಳಲ್ಲೇ ಅದನ್ನು ಹಿಂದೆಗೆದುಕೊಳ್ಳಬೇಕಾಯಿತು. 11,704 ವಾಹನಗಳು ಅಧಿಕೃತ ಹಿಂಪಡೆತಕ್ಕೆ ಒಳಪಟ್ಟವು. 'ನಿಲ್ಲಿ' ಫಲಕದ ಬಳಿ ಪೂರ್ತಿ ನಿಲ್ಲದೆ ಸಾಗುವ ಸೌಲಭ್ಯವನ್ನು ತೆಗೆಯಲು 2022ರ ಫೆಬ್ರವರಿಯಲ್ಲಿ 53,822 ವಾಹನಗಳೂ, ಅಡ್ಡರಸ್ತೆಗಳಲ್ಲಿನ ವರ್ತನೆ ಮುಂತಾದ ದೋಷಗಳಿಗಾಗಿ 2023ರ ಫೆಬ್ರವರಿಯಲ್ಲಿ 3,62,758 ವಾಹನಗಳೂ ಹಿಂಪಡೆತದ ವ್ಯಾಪ್ತಿಗೆ ಬಂದವು. ಒಂದೂ ಕಾರು ಗ್ಯಾರೇಜಿಗೆ ಹೋಗಬೇಕಿರಲಿಲ್ಲ. ತಿದ್ದುಪಡಿ ನಿಸ್ತಂತುವಾಗಿ ಕಾರಿಗೇ ತಲುಪಿತು. ದುರಸ್ತಿಯ ವೆಚ್ಚ ಅಲ್ಪವಾದಾಗ, ಅಪೂರ್ಣ ಸರಕನ್ನು ಮೊದಲು ಮಾರಿ ಆಮೇಲೆ ತಿದ್ದುವ ಪ್ರಲೋಭನೆ ಹೆಚ್ಚುವುದು ಸಹಜ.

ಹಣದ ಲೆಕ್ಕ

2020ರ ಅಕ್ಟೋಬರ್‌ನಲ್ಲಿ 10,000 ಡಾಲರ್ ಆಗಿದ್ದ ಈ ಸೌಲಭ್ಯದ ಬೆಲೆ 2022ರ ಸೆಪ್ಟೆಂಬರ್‌ನಲ್ಲಿ 15,000 ಡಾಲರಿಗೆ ಏರಿ, 2024ರ ಏಪ್ರಿಲ್‌ನಲ್ಲಿ 8,000 ಡಾಲರಿಗೆ ಇಳಿಯಿತು. ಗ್ರಾಹಕನಿಂದ ಹಣ ಬಂದ ಮಾತ್ರಕ್ಕೆ ಅದು ಆದಾಯವಲ್ಲ. ವಾಗ್ದಾನ ಮಾಡಿದ ಸೇವೆಯನ್ನು ಒದಗಿಸಿದಾಗಲಷ್ಟೇ ಆದಾಯ. ಅಲ್ಲಿಯವರೆಗೆ ಅದು ಜಮಾಖರ್ಚಿನ ಪಟ್ಟಿಯಲ್ಲಿ ಹೊಣೆಯಾಗಿಯೇ ಉಳಿಯಬೇಕು. ಟೆಸ್ಲಾ ಸಹ ಈ ಮೊತ್ತದ ಒಂದು ಭಾಗವನ್ನು ಮುಂದೂಡಿದ ಆದಾಯವಾಗಿ ಇರಿಸಿಕೊಂಡಿತ್ತು. 2022ರ ನವೆಂಬರ್‌ನಲ್ಲಿ ಉತ್ತರ ಅಮೆರಿಕದ ಎಲ್ಲ ಖರೀದಿದಾರರಿಗೂ ಬೀಟಾ ದೊರೆತ ಬಳಿಕ, ಆ ತ್ರೈಮಾಸಿಕದಲ್ಲಿ 32.4 ಕೋಟಿ ಡಾಲರನ್ನು ಆದಾಯವಾಗಿ ತೋರಿಸಿತು. ಪರೀಕ್ಷಾ ಆವೃತ್ತಿಯ ಬಿಡುಗಡೆಯೇ ಲೆಕ್ಕಪುಸ್ತಕದಲ್ಲಿ ವಾಗ್ದಾನದ ಭಾಗಶಃ ಪೂರೈಕೆಯಾಯಿತು.

ಹೊಣೆ ಯಾರದು?

ಚಾಲಕನೇ ಹೊಣೆ ಎಂಬ ಒಪ್ಪಂದದ ಷರತ್ತು ತಯಾರಕನನ್ನು ಪೂರ್ಣವಾಗಿ ರಕ್ಷಿಸದು ಎಂಬುದು 2025ರ ಆಗಸ್ಟ್‌ನಲ್ಲಿ ಸ್ಪಷ್ಟವಾಯಿತು. ಫ್ಲೋರಿಡಾದಲ್ಲಿ 2019ರಲ್ಲಿ, ಟೆಸ್ಲಾದ ಹಿಂದಿನ ವ್ಯವಸ್ಥೆಯಾದ 'ಆಟೋಪೈಲಟ್' ಬಳಸುತ್ತಿದ್ದ ಚಾಲಕ ಕೆಳಗೆ ಬಿದ್ದ ಮೊಬೈಲಿಗಾಗಿ ಬಗ್ಗಿದಾಗ ನಡೆದ ಅಪಘಾತದಲ್ಲಿ ರಸ್ತೆಬದಿ ನಿಂತಿದ್ದ ಯುವತಿಯೊಬ್ಬಳು ಮೃತಪಟ್ಟಿದ್ದಳು. ಮಯಾಮಿಯ ನ್ಯಾಯಮಂಡಳಿಯು ಚಾಲಕನಿಗೆ ಶೇ. 67, ಕಂಪನಿಗೆ ಶೇ. 33 ಹೊಣೆ ಹೊರಿಸಿತು. ದಂಡನಾತ್ಮಕ ಪರಿಹಾರವೂ ಸೇರಿ ಕಂಪನಿಯ ಪಾಲು ಸುಮಾರು 24.3 ಕೋಟಿ ಡಾಲರ್ ಆಯಿತು. ಕಂಪನಿ ಈ ತೀರ್ಪನ್ನು ಪ್ರಶ್ನಿಸಿತು. ಆದರೆ ಸಾರ್ವಜನಿಕ ರಸ್ತೆಯ ಪರೀಕ್ಷೆಗೆ ಎಂದೂ ಒಪ್ಪಿಗೆ ನೀಡದ ಪಾದಚಾರಿಯ ಪ್ರಶ್ನೆಯನ್ನು ಆ ಪ್ರಕರಣ ಜಗತ್ತಿನ ಮುಂದಿಟ್ಟಿದೆ.

ಇಲ್ಲಿನ ಉದ್ಯಮಿಗಳಿಗೆ

ಭಾರತದಲ್ಲಿಯೂ 2021ರಲ್ಲಿ ಎಂ.ಜಿ. ಆಸ್ಟರ್, ಮಹೀಂದ್ರ ಎಕ್ಸ್‌ಯುವಿ 700 ಮುಂತಾದ ಕಾರುಗಳೊಡನೆ ಚಾಲಕ ಸಹಾಯಕ ವ್ಯವಸ್ಥೆಗಳು ಮಧ್ಯಮ ಬೆಲೆಯ ವಾಹನಗಳಿಗೆ ಬಂದಿವೆ. ಸಂಸ್ಥೆಯ ಬಳಕೆಗೆ ಇಂತಹ ವಾಹನ ಕೊಳ್ಳುವವರು ಕೆಲವು ಅಂಶಗಳನ್ನು ಗಮನಿಸುವುದು ಉಚಿತ. ಚಾಲಕನಿಗೆ ವ್ಯವಸ್ಥೆಯ ಮಿತಿಗಳನ್ನು ಲಿಖಿತವಾಗಿ ತಿಳಿಸಿ ತರಬೇತಿ ಕೊಡಿಸಬೇಕು. ಮುಂಗಾಜು ಬದಲಿಸಿದಾಗ ಅದರ ಹಿಂದಿನ ಕ್ಯಾಮೆರಾವನ್ನು ಮತ್ತೆ ಹೊಂದಿಸಲಾಗಿದೆಯೇ ಎಂದು ಖಚಿತಪಡಿಸಿಕೊಂಡು ರಸೀದಿ ಕಾಯ್ದಿಡಬೇಕು. ವಿಮಾ ಪತ್ರದ ಷರತ್ತುಗಳನ್ನು ಓದಿ, ಸಂದೇಹವಿದ್ದಲ್ಲಿ ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯಬೇಕು. ಮಾರಾಟಗಾರನ ಬಾಯಿಮಾತಿಗಿಂತ ಬಳಕೆದಾರರ ಕೈಪಿಡಿಯ ಎಚ್ಚರಿಕೆಗಳಿಗೆ ಹೆಚ್ಚು ಬೆಲೆ ಕೊಡಬೇಕು. ಸರಕಿಗೆ ಇಡುವ ಹೆಸರು ಸಹ ಗ್ರಾಹಕನಿಗೆ ನೀಡುವ ಒಂದು ವಾಗ್ದಾನವೇ ಎಂಬುದನ್ನು ಮಾರುವವರೂ ಮರೆಯಬಾರದು.