ಮ್ಯಾಲೋ ಊರಿನ ಮಟ್ಟು, ಮಧುರೆಯ ಮೀನಾಕ್ಷಿ

ತಿರುವನಂತಪುರದಲ್ಲಾಗಲಿ ಕೊಚ್ಚಿಯಲ್ಲಾಗಲಿ, ನಮ್ಮ ಕನ್ನಡ ಮನೆಗಳ ಮಕ್ಕಳು ಪಿಟೀಲು ಕಲಿಯಹೋದರೆ, ಸರಳೆ ಜಂಟಿವರಸೆಗಳ ಬೇಸರ ಕಳೆಯಲೆಂದು ಗುರುಗಳು ಒಂದೆರಡು ನೋಟುಸ್ವರಗಳನ್ನು ಹೇಳಿಕೊಡುವುದುಂಟು. ಅವುಗಳಲ್ಲಿ ಒಂದು ಮುತ್ತುಸ್ವಾಮಿ ದೀಕ್ಷಿತರ ‘ವಂದೇ ಮೀನಾಕ್ಷಿ’. ಮಗು ಅದನ್ನು ತಪ್ಪಿಲ್ಲದೆ ನುಡಿಸಿದ ದಿನ ಮನೆಮಂದಿಗೆಲ್ಲ ಹಿಗ್ಗು. ಆದರೆ ಆ ಮಟ್ಟು ಐರ್ಲೆಂಡಿನ ಕುಣಿತದ್ದೆಂದು ಯಾರಾದರೂ ಹೇಳಿದೊಡನೆ ಹಿರಿಯರ ಮುಖ ಸಪ್ಪಗಾಗುತ್ತದೆ. ಊರು ಬಿಟ್ಟು ಬಂದ ನಮಗೆ, ಮಕ್ಕಳ ಕೈಗೆ ಕೊಡುವುದು ನಮ್ಮದೇ ಆಗಿರಬೇಕೆಂಬ ಕಾತರ ತುಸು ಹೆಚ್ಚು. ದೇವಿಯ ಸ್ತುತಿಗೆ ಪರದೇಶದ ಕುಣಿತವೇಕೆ, ಇದನ್ನು ಬಿಡಿಸಿದರಾಗದೆ ಎಂಬ ಮಾತು ಬರುವುದು ಸಹಜವೇ. ತೀರ್ಪು ಕೊಡುವ ಮುನ್ನ ಆ ಮಟ್ಟಿನ ಜಾತಕವನ್ನಷ್ಟು ನೋಡೋಣ.

ಮ್ಯಾಲೋ ಎಂಬುದು ಐರ್ಲೆಂಡಿನ ಕಾರ್ಕ್ ಜಿಲ್ಲೆಯಲ್ಲಿ ಬ್ಲ್ಯಾಕ್‌ವಾಟರ್ ನದಿಯ ದಂಡೆಯ ಒಂದು ಪೇಟೆ. 18ನೆಯ ಶತಮಾನದಲ್ಲಿ ಅಲ್ಲಿಯ ಚಿಲುಮೆಯ ನೀರು ರೋಗಹರವೆಂದು ಹೆಸರಾಗಿತ್ತು. ನೀರು ಕುಡಿಯುವ ನೆವದಿಂದ ಬಂದ ಸಿರಿವಂತರ ಮಕ್ಕಳು ನೀರಲ್ಲದ್ದನ್ನೇ ಹೆಚ್ಚು ಕುಡಿದರು! ಕುಣಿತ, ಸಾಲ, ಕಿಟಕಿಯ ಗಾಜು ಒಡೆಯುವುದು ಇವೇ ಅವರ ದಿನಚರಿ. ಆ ಪುಂಡರನ್ನು ಕುರಿತ ಹಾಡೇ ‘ರೇಕ್ಸ್ ಆಫ್ ಮ್ಯಾಲೋ’. ಅದರ ಮಟ್ಟನ್ನು ಪಿಟೀಲುಗಾರರು ರೀಲ್ ಎಂಬ ಚುರುಕು ನಡೆಯ ಕುಣಿತಕ್ಕೆ ಬಳಸಿಕೊಂಡರು. ಪೋಲ್ಕಾ ಎಂದೂ ಕೆಲವರು ನುಡಿಸುತ್ತಾರೆ. 1952ರ ‘ದಿ ಕ್ವಯಟ್ ಮ್ಯಾನ್’ ಚಲಚ್ಚಿತ್ರದಲ್ಲಿಯೂ ಅದು ಕೇಳಬರುತ್ತದೆ.

ಅದು ಕಡಲು ದಾಟಿದ್ದು ಕಂಪನಿ ಸರಕಾರದ ಪಟಾಲಮುಗಳೊಡನೆ. ಆ ಸೈನ್ಯದಲ್ಲಿ ಐರಿಷ್ ಸಿಪಾಯಿಗಳಿಗೇನೂ ಕಡಮೆಯಿರಲಿಲ್ಲ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಬ್ಯಾಂಡು ನುಡಿಯುತ್ತಿದ್ದ ಕಾಲದಲ್ಲಿ ದೀಕ್ಷಿತರ ಕುಟುಂಬ ಹತ್ತಿರದ ಮಣಲಿಯಲ್ಲಿ ಅಲ್ಲಿಯ ಜಮೀನ್ದಾರರ ಆಶ್ರಯದಲ್ಲಿತ್ತು. ಅವರೂ ತಿರುವಾರೂರಿನಿಂದ ವಲಸೆ ಬಂದವರೇ ಎಂಬುದನ್ನು ನಾವು ಮರೆಯಬಾರದು. ಮುತ್ತುಸ್ವಾಮಿ ದೀಕ್ಷಿತರು (1775–1835) ಕಿವಿಗೆ ಬಿದ್ದ ಮಟ್ಟುಗಳಿಗೆ ಸಂಸ್ಕೃತದ ನುಡಿ ಕೂಡಿಸಿದರು. ಹೀಗೆ ಹುಟ್ಟಿದವು ಸುಮಾರು 40 ನೋಟುಸ್ವರಗಳು. ಆಂಗ್ಲ ರಾಜಗೀತೆಯ ಮಟ್ಟು ‘ಸಂತತಂ ಪಾಹಿಮಾಂ’ ಆಯಿತು, ಸ್ಕಾಟ್ಲೆಂಡಿನ ರೀಲೊಂದು ‘ಜಗದೀಶ ಗುರುಗುಹ’ವಾಯಿತು, ಮ್ಯಾಲೋ ಪುಂಡರ ಹಾಡು ಮೀನಾಕ್ಷಿಯ ಪಾದಕ್ಕೆ ಬಂದಿತು.

ಇದು ಹೇಗೆ ಹೊಂದಿತೆಂದರೆ, ಪಾಶ್ಚಾತ್ಯರ ಮೇಜರ್ ಶ್ರೇಣಿಯ ಏಳು ಸ್ವರಗಳೇ ನಮ್ಮ ಶಂಕರಾಭರಣದವು. ಮೊದಲು ಷಡ್ಜ ಗಾಂಧಾರಗಳ ನಡುವೆ ಜಿಗಿದಾಟ, ಮತ್ತೆ ಅದೇ ಆಟ ಒಂದು ಮೆಟ್ಟಿಲು ಕೆಳಗೆ ನಿಷಾದ ರಿಷಭಗಳ ನಡುವೆ. ಗಮಕವಿಲ್ಲ, ಎಳೆತವಿಲ್ಲ. ಎಳೆಯ ಬೆರಳುಗಳಿಗೆ ಸ್ವರಸ್ಥಾನ ಗಟ್ಟಿಯಾಗಲು ಇದಕ್ಕಿಂತ ಒಳ್ಳೆಯ ಸಾಧನ ನಮಗೆ ಕಾಣದು. ಆದರೆ ಇದನ್ನೇ ಶಂಕರಾಭರಣ ರಾಗವೆಂದು ಮಗು ತಿಳಿದರೆ ಮೋಸ. ಗಮಕವಿಲ್ಲದ ಶಂಕರಾಭರಣ ಒಗ್ಗರಣೆಯಿಲ್ಲದ ಸಾರು.

ಇನ್ನು ಪಿಟೀಲಿನ ಮಾತು. ಅದೂ ಅದೇ ಹಡಗಿನಲ್ಲಿ ಬಂದದ್ದಲ್ಲವೆ? ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ ವಾದಕನೊಬ್ಬನಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರೆಂಬುದು ಪರಂಪರೆಯ ಮಾತು. ದೀಕ್ಷಿತರ ಶಿಷ್ಯ, ತಂಜಾವೂರಿನ ನಾಲ್ವರು ಸೋದರರಲ್ಲೊಬ್ಬನಾದ ವಡಿವೇಲು ಪಿಟೀಲು ಹಿಡಿದು ತಿರುವನಂತಪುರದ ಆಸ್ಥಾನಕ್ಕೆ ಬಂದನು. ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ಆತನಿಗೆ ದಂತದ ಪಿಟೀಲನ್ನೇ ಉಡುಗೊರೆಯಾಗಿ ಕೊಟ್ಟರಂತೆ. ಇಂದು ಪಿಟೀಲಿಲ್ಲದೆ ಕಚೇರಿಯೇ ಏಳದು. ಅದನ್ನು ಪರದೇಶಿಯೆಂದು ಯಾರೂ ಹೊರಗೆ ಕೂರಿಸುವುದಿಲ್ಲ. ವಾದ್ಯಕ್ಕೆ ಕೊಟ್ಟ ಮಣೆಯನ್ನು ಮಟ್ಟಿಗೆ ಕೊಡಲು ಹಿಂಜರಿಯುವುದು ನಮಗೆ ನ್ಯಾಯವಾಗಿ ತೋರುವುದಿಲ್ಲ.

ಮೈಸೂರಿನ ನಂಟೂ ಇಲ್ಲಿ ಉಂಟು. ಮದುರೈ ಮಣಿ ಅಯ್ಯರ್ ಅವರ ಕಂಠದಿಂದ ಮನೆಮಾತಾದ ‘ಇಂಗ್ಲಿಷ್ ನೋಟು’ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ರಚನೆ. ಮೈಸೂರಿನ ಆಸ್ಥಾನದಲ್ಲಿದ್ದು ಚಾಮುಂಡಿಯ ಮೇಲೆ ಕನ್ನಡ ಕೃತಿಗಳನ್ನು ಕಟ್ಟಿದವರೂ ಅವರೇ. 1939ರಲ್ಲಿ ತಿರುವನಂತಪುರದಲ್ಲಿ ಆರಂಭವಾದ, ಇಂದು ಸ್ವಾತಿ ತಿರುನಾಳ್ ಹೆಸರು ಹೊತ್ತ ಸಂಗೀತ ಕಾಲೇಜಿನ ಮೊದಲ ಪ್ರಾಂಶುಪಾಲರೂ ಅವರೇ.

ಆದುದರಿಂದ ಮಕ್ಕಳಿಗೆ ನೋಟುಸ್ವರ ಬಿಡಿಸುವುದು ಬೇಡ. ಮ್ಯಾಲೋ ಪುಂಡರ ಕಥೆಯನ್ನೂ ಹೇಳಿ; ಮಕ್ಕಳು ನಕ್ಕು ಇನ್ನಷ್ಟು ಚೆನ್ನಾಗಿ ನುಡಿಸುತ್ತವೆ. ಕೈ ಕುದುರಿದ ಮೇಲೆ, ಅದೇ ಶಂಕರಾಭರಣದಲ್ಲಿ ಸ್ವಾತಿ ತಿರುನಾಳರು ಕನ್ನಡದಲ್ಲಿಯೇ ರಚಿಸಿದ ‘ರಾಜೀವಾಕ್ಷ ಬಾರೋ’ ಪಾಠವನ್ನು ಗುರುಗಳಲ್ಲಿ ಕೇಳಿ ಪಡೆಯಿರಿ. ಈ ನೆಲದ ಅರಸರು ನಮ್ಮ ನುಡಿಯಲ್ಲಿ ಹಾಡು ಕಟ್ಟಿದ್ದರೆಂಬುದು ನಮ್ಮ ಎಷ್ಟೋ ಮನೆಗಳಿಗೆ ಇನ್ನೂ ಹೊಸ ಸುದ್ದಿ.