ದಸರೆಯ ರಜೆಯೂ ಐದು ಚಿತ್ರಗಳೂ

ಕಳೆದ ದಸರೆಯ ರಜೆಯಲ್ಲಿ ನಾನು ಊರಿಗೆ ಹೋಗಲಿಲ್ಲ. ಪರೀಕ್ಷೆಗೆ ಓದಿಕೊಳ್ಳಬೇಕೆಂದು ಮನೆಯಲ್ಲಿ ಹೇಳಿ ವಿದ್ಯಾರ್ಥಿನಿಲಯದಲ್ಲಿಯೇ ಉಳಿದೆ. ನನ್ನಂತೆಯೇ ‘ಓದಲು’ ಉಳಿದವರು ಇನ್ನಿಬ್ಬರಿದ್ದರು. ಅವರಲ್ಲೊಬ್ಬನ ಬಳಿ ಲ್ಯಾಪ್‌ಟಾಪ್ ಇದ್ದಿತು. ಪುಸ್ತಕಗಳು ಮೇಜಿನ ಮೇಲೆ ಮಲಗಿದವು. ನಾವು ಐದು ರಾತ್ರಿ ಎದ್ದಿದ್ದು ಐದು ಚಿತ್ರಗಳನ್ನು ನೋಡಿದೆವು. ಮೂರು ಭಯದ ಚಿತ್ರಗಳು, ಎರಡು ಹೊಡೆದಾಟದ ಚಿತ್ರಗಳು. ಇಂತಹವನ್ನು ನೋಡುವುದು ಕಾಲಹರಣವೆಂದು ನಮ್ಮ ಅಧ್ಯಾಪಕರು ಹೇಳುವುದುಂಟು. ಅವರ ಮಾತನ್ನು ಖಂಡಿಸುವಷ್ಟು ವಿದ್ಯೆ ನನಗಿಲ್ಲ. ಆದರೆ ಈ ಚಿತ್ರಗಳಿಂದ ನನಗೊಂದು ಪಾಠವಾಯಿತು. ಅದನ್ನು ಒಪ್ಪಿಸುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಕಳೆದ ವರ್ಷ ನಮ್ಮ ನಾಟಕ ಸಂಘದವರು ಒಂದು ನಾಟಕವನ್ನು ಕೈಗೆತ್ತಿಕೊಂಡು ಅರ್ಧಕ್ಕೇ ಬಿಟ್ಟದ್ದು ಎಲ್ಲರಿಗೂ ತಿಳಿದಿದೆ. ಅದರಲ್ಲಿ ಊರಿಗೆ ಬೆಂಕಿ ಬೀಳುವ ಒಂದು ದೃಶ್ಯವಿದ್ದಿತು. ಅದಕ್ಕೆ ಬಣ್ಣದ ದೀಪಗಳು ಬೇಕು, ಹೊಸ ಪರದೆ ಬೇಕು. ಸಂಘದ ಪೆಟ್ಟಿಗೆಯಲ್ಲಿ ಹಣವಿಲ್ಲ. “ಹಣವಿಲ್ಲದೆ ಮಾಡಿ ನಗೆಪಾಟಲಾಗುವುದಕ್ಕಿಂತ ಬಿಡುವುದೇ ಮೇಲು” ಎಂದು ಸಭೆಯಲ್ಲಿ ಮೊದಲು ಎದ್ದು ಹೇಳಿದವನು ನಾನೇ. ಎರಡು ತಿಂಗಳು ಮಾತು ಕಲಿತಿದ್ದ ಗೆಳೆಯರು ಏನೂ ಹೇಳದೆ ಎದ್ದುಹೋದರು. ಈ ಐದು ಚಿತ್ರಗಳನ್ನು ನೋಡುವಾಗ ಅವರ ಮುಖಗಳು ಮತ್ತೆ ಮತ್ತೆ ನನ್ನ ಕಣ್ಣ ಮುಂದೆ ಬಂದವು.

ಮೊದಲನೆಯ ರಾತ್ರಿ ‘ಜಾಸ್’. 1975ರಲ್ಲಿ ತೆರೆಗೆ ಬಂದ ಅಮೆರಿಕದ ಚಿತ್ರ. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ್ದು. ಕಡಲತೀರದ ಒಂದು ಊರಿನ ಜನರನ್ನು ದೊಡ್ಡದೊಂದು ಶಾರ್ಕ್ ಮೀನು ಕಾಡುವ ಕಥೆ. ಇದಕ್ಕಾಗಿ ಯಂತ್ರದ ಮೀನುಗಳನ್ನು ಮಾಡಿಸಿದ್ದರು. ನಿಜವಾದ ಸಮುದ್ರಕ್ಕೆ ಇಳಿಸಿದೊಡನೆ ಉಪ್ಪುನೀರು ತಗುಲಿ ಯಂತ್ರ ಕೆಟ್ಟುಹೋಗತೊಡಗಿತು. 55 ದಿನಗಳಲ್ಲಿ ಮುಗಿಯಬೇಕಾಗಿದ್ದ ಚಿತ್ರೀಕರಣ 159 ದಿನಗಳಿಗೆ ಎಳೆಯಿತು. ಮೀನೇ ಇಲ್ಲದೆ ಮೀನಿನ ಚಿತ್ರ ತೆಗೆಯುವುದು ಹೇಗೆ? ನಿರ್ದೇಶಕರು ಮೀನನ್ನು ತೋರಿಸುವುದನ್ನೇ ಬಿಟ್ಟರು. ನೀರಿನ ಮೇಲೆ ಓಡುವ ಹಳದಿ ಪೀಪಾಯಿ ಕಂಡರೆ ಅದರ ಕೆಳಗೆ ಮೀನಿದೆ ಎಂದು ತಿಳಿಯಬೇಕು. ಜಾನ್ ವಿಲಿಯಮ್ಸ್ ಎರಡೇ ಸ್ವರಗಳನ್ನು ಮರಳಿ ಮರಳಿ ನುಡಿಸಿ ಅದರ ಬರವನ್ನು ಸೂಚಿಸಿದರು. ಚಿತ್ರ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆಯೇ ಮೀನು ಸರಿಯಾಗಿ ಕಾಣುವುದು. ಅಷ್ಟರೊಳಗೆ ನಮ್ಮ ಮನಸ್ಸು ಅದಕ್ಕಿಂತ ಭಯಂಕರವಾದ ಮೀನೊಂದನ್ನು ತಾನೇ ಮಾಡಿಕೊಂಡಿರುತ್ತದೆ. ನಿಜ ಹೇಳಬೇಕೆಂದರೆ, ಕೊನೆಗೆ ಯಂತ್ರದ ಮೀನು ಬಾಯಿ ತೆರೆದು ದೋಣಿಯನ್ನೇರಿದಾಗ ನನಗೆ ಭಯ ಕಡಮೆಯೇ ಆಯಿತು.

ಎರಡನೆಯದು ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೋ’, 1960ರದು. ಆ ವೇಳೆಗೆ ಅವರು ಜಗತ್ಪ್ರಸಿದ್ಧರು. ಆದರೂ ಈ ಕಥೆಗೆ ಹಣ ಹಾಕಲು ಚಿತ್ರಸಂಸ್ಥೆಯವರು ಹಿಂಜರಿದರು. ಹಿಚ್‌ಕಾಕ್ ತಮ್ಮ ಹಣವನ್ನೇ ತೊಡಗಿಸಿ, ತಮ್ಮ ದೂರದರ್ಶನ ಕಾರ್ಯಕ್ರಮದ ಕೆಲಸಗಾರರನ್ನು ಕರೆದುಕೊಂಡು, ಕಪ್ಪು ಬಿಳುಪಿನಲ್ಲಿ ಚಿತ್ರ ತೆಗೆದರು. ಸ್ನಾನದ ಕೋಣೆಯ ಕೊಲೆಯ ದೃಶ್ಯ ಒಂದು ನಿಮಿಷಕ್ಕೂ ಕಡಮೆ. ಅದನ್ನು ತೆಗೆಯಲು ಒಂದು ವಾರ ಹಿಡಿಯಿತು. ರಕ್ತವೆಂದು ನಾವು ಬೆದರುವುದು ಚಾಕೊಲೇಟ್ ಸಿರಪ್ಪನ್ನು ಕಂಡು! ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನಷ್ಟೇ ಬಳಸಿ ಸಂಗೀತ ರಚಿಸಿದರು. ಆ ದೃಶ್ಯಕ್ಕೆ ಸಂಗೀತವೇ ಬೇಡವೆಂದಿದ್ದ ಹಿಚ್‌ಕಾಕ್ ಅದನ್ನು ಕೇಳಿ ಮನಸ್ಸು ಬದಲಿಸಿದರಂತೆ. ಚಿತ್ರದ ಕೊನೆಯಲ್ಲಿ ಮಾತ್ರ ವೈದ್ಯನೊಬ್ಬ ಎದ್ದುನಿಂತು ಕೊಲೆಗಾರನ ಮನಸ್ಸನ್ನು ದೀರ್ಘವಾಗಿ ವಿವರಿಸುತ್ತಾನೆ. ಆಗ ನಮ್ಮಲ್ಲೊಬ್ಬ, “ಇಲ್ಲೂ ಪಾಠ ಬಿಡಲಿಲ್ಲವಲ್ಲಪ್ಪ!” ಎಂದು ನಿಟ್ಟುಸಿರುಬಿಟ್ಟ.

ಮೂರನೆಯ ರಾತ್ರಿಯ ಚಿತ್ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. 1968ರಲ್ಲಿ ತೆರೆಗೆ ಬಂದ ಇದು ಜಾರ್ಜ್ ರೊಮೆರೊ ಮತ್ತು ಗೆಳೆಯರು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಆಸುಪಾಸಿನಲ್ಲಿ ಸುಮಾರು 1,14,000 ಡಾಲರುಗಳಲ್ಲಿ ತೆಗೆದದ್ದು. ಅಲ್ಲಿನ ಚಿತ್ರಗಳ ಲೆಕ್ಕಕ್ಕೆ ಇದು ಬಿಡಿಗಾಸು. ಸತ್ತವರೆದ್ದು ಬದುಕಿರುವವರನ್ನು ತಿನ್ನಲು ಬರುತ್ತಾರೆ. ಏಳು ಮಂದಿ ಒಂದು ಹಳೆಯ ಮನೆಯಲ್ಲಿ ಸಿಕ್ಕಿಕೊಂಡಿದ್ದಾರೆ. ಹೊರಗೆ ಹೆಣಗಳ ಹಿಂಡು. ಒಳಗೆ ನೆಲಮಾಳಿಗೆ ಮೇಲೋ ಮೇಲಿನ ಕೋಣೆ ಮೇಲೋ ಎಂಬ ಜಗಳ! ಕೇಡು ಹೆಚ್ಚಾಗಿ ಈ ಜಗಳದಿಂದಲೇ ಆಗುತ್ತದೆ. ಕಥಾನಾಯಕನಾಗಿ ಡ್ವೇನ್ ಜೋನ್ಸ್ ಎಂಬ ಕರಿಯ ನಟರನ್ನು ಆರಿಸಿದ್ದು ಆ ಕಾಲಕ್ಕೆ ಅಪರೂಪದ ಸಂಗತಿ. ರಾತ್ರಿಯೆಲ್ಲ ಹೆಣಗಳಿಂದ ಬದುಕಿ ಉಳಿದ ಅವನನ್ನು, ಬೆಳಗ್ಗೆ ರಕ್ಷಿಸಲು ಬಂದ ಬಂದೂಕಿನವರೇ ಹೆಣವೆಂದು ತಿಳಿದು ಕೊಲ್ಲುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದದ್ದು ಅದೇ ವರ್ಷ. ಅಂದಿನ ಪ್ರೇಕ್ಷಕರಿಗೆ ಆ ಕೊನೆ ಹೇಗೆ ತಟ್ಟಿರಬೇಕು! ಆ ರಾತ್ರಿ ನಾವು ಮೂವರೂ ಮಾತಿಲ್ಲದೆ ಮಲಗಿದೆವು.

ಇನ್ನು ಹೊಡೆದಾಟದ ಚಿತ್ರಗಳು. 1979ರ ‘ಮ್ಯಾಡ್ ಮ್ಯಾಕ್ಸ್’ ಆಸ್ಟ್ರೇಲಿಯದ್ದು. ಅದರ ನಿರ್ದೇಶಕ ಜಾರ್ಜ್ ಮಿಲ್ಲರ್ ವೃತ್ತಿಯಿಂದ ವೈದ್ಯರು. ತುರ್ತು ಚಿಕಿತ್ಸಾ ವಿಭಾಗದಲ್ಲಿ ರಸ್ತೆ ಅಪಘಾತಗಳ ಗಾಯಾಳುಗಳನ್ನು ಕಣ್ಣಾರೆ ಕಂಡವರು. ಹಣ ಸಾಲದೆ, ಮೊದಲ ದೃಶ್ಯದಲ್ಲಿ ನುಚ್ಚುನೂರಾಗುವ ವಾಹನವಾಗಿ ತಮ್ಮ ಸ್ವಂತದ ವ್ಯಾನನ್ನೇ ಕೊಟ್ಟರು. ಕಥೆ ತೆಳು, ಪಾತ್ರಗಳು ಒರಟು. ಚಿತ್ರ ನನಗೆ ಪೂರ್ತಿ ಹಿಡಿಸಲಿಲ್ಲ. ಆದರೆ ದುಷ್ಟರು ನಾಯಕನ ಮಡದಿ ಮತ್ತು ಮಗುವಿನ ಮೇಲೆ ಮೋಟಾರು ಸೈಕಲ್ ಹಾಯಿಸುವಾಗ ನಮಗೆ ತೋರಿಸುವುದು ರಸ್ತೆಯ ಮೇಲೆ ಬಿದ್ದ ಒಂದು ಪುಟ್ಟ ಬೂಟನ್ನು ಮಾತ್ರ. ಅಷ್ಟು ಸಾಕಾಯಿತು.

ನನ್ನನ್ನು ಹೆಚ್ಚು ನಾಚಿಸಿದ್ದು 1992ರ ‘ಎಲ್ ಮರಿಯಾಚಿ’. ಕಪ್ಪು ಬಟ್ಟೆ ತೊಟ್ಟ ಬಡ ಸಂಗೀತಗಾರನೊಬ್ಬನನ್ನು, ಗಿಟಾರಿನ ಪೆಟ್ಟಿಗೆಯಲ್ಲಿ ಬಂದೂಕು ಹೊತ್ತ ಕೊಲೆಗಾರನೆಂದು ತಪ್ಪು ತಿಳಿದು ಬೆನ್ನಟ್ಟುವ ಕಥೆ. ನಿರ್ದೇಶಕ ರಾಬರ್ಟ್ ರಾಡ್ರಿಗಸ್ ಆಗ ವಯಸ್ಸಿನಲ್ಲಿ ಈಗಿನ ನಮಗಿಂತ ಎರಡು ಮೂರು ವರ್ಷ ದೊಡ್ಡವರಾಗಿದ್ದರು, ಅಷ್ಟೆ. ಸುಮಾರು 7,000 ಡಾಲರುಗಳಲ್ಲಿ ಮೆಕ್ಸಿಕೋದ ಗಡಿಯೂರೊಂದರಲ್ಲಿ ಚಿತ್ರ ತೆಗೆದರು. ಅದರಲ್ಲೊಂದು ಪಾಲು, ಹೊಸ ಔಷಧದ ಪ್ರಯೋಗಕ್ಕೆ ತಮ್ಮ ಮೈಯನ್ನೊಡ್ಡಿ ಗಳಿಸಿದ ಹಣ! ಕ್ಯಾಮರಾ ಓಡಿಸಲು ಗಾಡಿಯಿಲ್ಲ. ರೋಗಿಗಳ ಗಾಲಿಕುರ್ಚಿಯೇ ಗಾಡಿಯಾಯಿತು. ಬಂದೂಕುಗಳು ಒಂದು ಗುಂಡು ಹಾರಿಸಿದೊಡನೆ ಸಿಕ್ಕಿಕೊಳ್ಳುತ್ತಿದ್ದವು. ಆದ್ದರಿಂದ ಒಂದೊಂದು ಹಾರಿಕೆಯನ್ನೂ ಬೇರೆ ಬೇರೆ ಕಡೆಯಿಂದ ತೆಗೆದು ಜೋಡಿಸಿದರು. ಚಿತ್ರದ ವೇಗ ಹುಟ್ಟಿದ್ದು ಈ ಜೋಡಣೆಯಿಂದ.

ಇಂತಹ ಚಿತ್ರಗಳಲ್ಲಿ ಕೆಲವನ್ನು ‘ಕಲ್ಟ್’ ಚಿತ್ರಗಳೆನ್ನುತ್ತಾರೆ. ಕಲ್ಟ್ ಎಂದರೆ ಒಂದು ಬಗೆಯ ಪಂಥ. ದೊಡ್ಡವರು ಮೆಚ್ಚದಿದ್ದರೂ ಕೆಲವೇ ಜನ ಭಕ್ತಿಯಿಂದ ಮತ್ತೆ ಮತ್ತೆ ನೋಡಿ, ಇತರರಿಗೆ ತೋರಿಸಿ, ಬದುಕಿಸಿಕೊಂಡು ಬಂದ ಚಿತ್ರ ಎಂದರ್ಥ. ರೊಮೆರೊ ಅವರ ಚಿತ್ರದ ಹೆಸರನ್ನು ಬದಲಿಸುವಾಗ, ಕೃತಿಸ್ವಾಮ್ಯದ ಸೂಚನೆಯನ್ನು ಹಾಕಲು ಹಂಚಿಕೆದಾರರು ಮರೆತರು. ಅಂದಿನ ಕಾನೂನಿನಂತೆ ಚಿತ್ರ ಸಾರ್ವಜನಿಕರ ಸೊತ್ತಾಯಿತು. ಮಾಡಿದವರಿಗೆ ನಷ್ಟ, ಆದರೆ ಯಾರು ಬೇಕಾದರೂ ತೋರಿಸಬಹುದಾದ್ದರಿಂದ ಅದು ಲೋಕವನ್ನೆಲ್ಲ ಸುತ್ತಿತು. ನಮ್ಮಲ್ಲಿಯೂ ಪವನ್ ಕುಮಾರ್ ಅವರ ‘ಲೂಸಿಯಾ’ಗೆ ಪ್ರೇಕ್ಷಕರೇ ಹಣ ಕೂಡಿಸಿಕೊಟ್ಟು 2013ರಲ್ಲಿ ಅದನ್ನು ತೆರೆಗೆ ತಂದುದನ್ನು ಇಲ್ಲಿ ನೆನೆಯಬಹುದು.

ಹಾಗೆಂದು ಬಡತನವೇ ಕಲೆಯೆಂದು ನಾನು ಹೇಳುವುದಿಲ್ಲ. ಹಣವಿಲ್ಲದೆ ತೆಗೆದು ಹಣೆ ಚಚ್ಚಿಕೊಳ್ಳುವಂತೆ ಮಾಡುವ ಚಿತ್ರಗಳೂ ಬೇಕಾದಷ್ಟಿವೆ. ನಮ್ಮ ಸಂಘಕ್ಕೆ ನಾಲ್ಕು ದೀಪ ಕೊಡಿಸುವವರಿದ್ದರೆ ನಾವು ಬೇಡವೆನ್ನುವುದೂ ಇಲ್ಲ! ನನಗೆ ಕಂಡದ್ದು ಇಷ್ಟೆ: ಈ ಐವರೂ “ಇದಿಲ್ಲ” ಎಂದು ಅಲ್ಲಿಗೇ ನಿಲ್ಲಲಿಲ್ಲ. “ಇದಿಲ್ಲದೆ ನೋಡುವವರ ಮನಸ್ಸಿಗೆ ಅದನ್ನು ಮುಟ್ಟಿಸುವುದು ಹೇಗೆ?” ಎಂದು ಕೇಳಿಕೊಂಡರು. ನಾನು ಆ ಪ್ರಶ್ನೆಯನ್ನು ಕೇಳದೆಯೇ ಸಭೆಯಲ್ಲಿ ಎದ್ದುನಿಂತಿದ್ದೆ.

ರಜೆ ಮುಗಿದ ಮೇಲೆ ಆ ಗೆಳೆಯರನ್ನು ಕಂಡು ತಪ್ಪೊಪ್ಪಿಕೊಂಡೆ. ಮೊದಲು ನಕ್ಕರು, ಆಮೇಲೆ ಕೈಬರಹದ ಪ್ರತಿಗಳನ್ನು ಹುಡುಕಿ ತೆಗೆದರು. ಈಗ ಸಂಜೆಯ ಹೊತ್ತು ಮತ್ತೆ ಅಭ್ಯಾಸ ನಡೆಯುತ್ತಿದೆ. ಬೆಂಕಿಯನ್ನು ನಾವು ತೋರಿಸುವುದಿಲ್ಲ. ರಂಗದ ಮೇಲೆ ಒಬ್ಬ ಮುದುಕಿ ಮಾತ್ರ ಇರುತ್ತಾಳೆ. ಪ್ರೇಕ್ಷಕರ ಬೆನ್ನ ಹಿಂದೆ ತನ್ನ ಮನೆ ಉರಿಯುವುದನ್ನು ನೋಡುತ್ತ ನಿಂತಿರುತ್ತಾಳೆ. ಅದು ಫಲಿಸುವುದೋ ಇಲ್ಲವೋ ಅರಿಯೆ. ಅಧ್ಯಾಪಕರೂ ಸಹಪಾಠಿಗಳೂ ಬಂದು ನೋಡಿ ಹೇಳಬೇಕು. ಆ ಗಳಿಗೆಯಲ್ಲಿ ಒಬ್ಬರಾದರೂ ಹಿಂದಿರುಗಿ ನೋಡಿದರೆ, ನನ್ನ ಐದು ರಾತ್ರಿಗಳು ಕಾಲಹರಣವಲ್ಲವೆಂದು ನಂಬುತ್ತೇನೆ.